ಬೇಸ್‌ಮೆಂಟಿನ ಹುಡುಗನಿಗೆ, ಅವನ ಅಮ್ಮನಿಗೆ, ಬಸ್ ಓಡಿಸಿದವರಿಗೆ

ಕಳೆದ ತಿಂಗಳು ನಮ್ಮ ಮನೆಯ ಹಾಕಿ ಹುಡುಗ ತನ್ನ ಕೊನೆಯ ಜೂನಿಯರ್ ಪಂದ್ಯ ಆಡಿದ. ಇಪ್ಪತ್ತಾಯಿತು, ಇನ್ನು ಆ ಲೀಗಿನಲ್ಲಿ ಅವನಿಗೆ ಜಾಗವಿಲ್ಲ. ಸುದ್ದಿ ತಿಳಿದು ಕೆನಡಾದಲ್ಲಿ ನಾವಿರುವ ಸಾಸ್ಕಟೂನ್‌ನ ಕನ್ನಡದ ಗೆಳೆಯರು, ಹಾಸನ ಮತ್ತು ವಿರಾಜಪೇಟೆಯಿಂದ ನಮ್ಮವರು ಫೋನ್ ಮಾಡಿ, ಬೇರೆಯವರ ಮಗನನ್ನು ಇಷ್ಟು ವರ್ಷ ನೋಡಿಕೊಂಡಿರಲ್ಲ ಅಂತ ಹೊಗಳಿದರು. ಹೊಗಳಿಕೆ ಬೇಡ ಅನ್ನೋವಷ್ಟು ದೊಡ್ಡವಳಲ್ಲ ನಾನು. ಆದರೆ ಅದರಲ್ಲಿ ಹೆಚ್ಚಿನ ಪಾಲು ಬೇರೆಯವರಿಗೆ ಸೇರಬೇಕು, ಅದಕ್ಕೇ ಈ ಬರಹ.

ಊರಿನವರಿಗೆ ಸ್ವಲ್ಪ ವಿವರ ಹೇಳಬೇಕು. ಇಲ್ಲಿ ಹಾಕಿ ಅಂದರೆ ಐಸ್ ಹಾಕಿ. ವೆಸ್ಟರ್ನ್ ಹಾಕಿ ಲೀಗ್ ಅನ್ನೋ ಜೂನಿಯರ್ ಲೀಗಿನಲ್ಲಿ ಹದಿನಾರರಿಂದ ಇಪ್ಪತ್ತು ವರ್ಷದ ಹುಡುಗರು ಆಡುತ್ತಾರೆ. ಯಾವ ತಂಡ ಆರಿಸಿಕೊಂಡಿತೋ ಆ ಊರಿಗೆ ಹೋಗಿ ಇರಬೇಕು. ಹಾಸ್ಟೆಲ್ ಅಂತೇನೂ ಇಲ್ಲ. ಊರಿನ ಕುಟುಂಬಗಳೇ ಒಬ್ಬರನ್ನೋ ಇಬ್ಬರನ್ನೋ ಮನೆಯಲ್ಲಿ ಇಟ್ಟುಕೊಳ್ಳುತ್ತವೆ. ಬಿಲೆಟ್ ಫ್ಯಾಮಿಲಿ ಅನ್ನುತ್ತಾರೆ. ಮನೆಯ ದೊಡ್ಡವರಿಗೆಲ್ಲ ಪೊಲೀಸ್ ತಪಾಸಣೆ ಆಗಬೇಕು, ತಂಡದವರು ಬಂದು ಕೋಣೆ ನೋಡುತ್ತಾರೆ. ತಿಂಗಳಿಗೆ ಒಂದಷ್ಟು ದುಡ್ಡು ಕೊಡುತ್ತಾರೆ. ಆ ವಯಸ್ಸಿನ ಆಟಗಾರ ತಿನ್ನೋದನ್ನು ನೋಡಿದವರಿಗೆ ಅದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತು.

ನನಗೆ ಮೊದಲು ಮನಸ್ಸಿರಲಿಲ್ಲ. ಒಪ್ಪಿಸಿದ್ದು ನನ್ನವರು. 2005ರಲ್ಲಿ ಐಸ್ ಹಾಕಿಯ ದೊಡ್ಡ ಆಟಗಾರ ಸಿಡ್ನಿ ಕ್ರಾಸ್ಬಿ ಪಿಟ್ಸ್‌ಬರ್ಗ್ ತಂಡ ಸೇರಿದಾಗ ಆ ತಂಡದ ಮಾಲೀಕ, ಹಿರಿಯ ಆಟಗಾರ ಮಾರಿಯೋ ಲೆಮ್ಯೂ ಮನೆಯಲ್ಲೇ ಇದ್ದನಂತೆ, ಅಂಥ ಆಟಗಾರನಿಗೇ ಒಂದು ಮನೆ ಬೇಕಾಯಿತು ಅಲ್ವಾ ಅಂದರು. ಅವರದು ಅರಮನೆ, ನಮ್ಮದು ಬೇಸ್‌ಮೆಂಟ್ ಅಂದೆ. ನನ್ನವರು ಕೊಡಗಿನವರು. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದಾಗ ಶಾಲೆಯಲ್ಲಿದ್ದರು. ಮನೆತನದ ಹೆಸರಿನಲ್ಲೇ ತಂಡ ಕಟ್ಟಿ ಆಡೋ ಜನ. ಹಾಕಿ ಹುಡುಗನಿಗೆ ಮನೆ ಬೇಕಂತೆ ಅಂದರೆ ಅವರಿಗೆ ಇಲ್ಲ ಅನ್ನೋಕೆ ಬಾಯಿ ಬರುತ್ತಾ?

ಪಕ್ಕದ ಬೀದಿಯ ಹಿರಿಯಾಕೆಗೆ ಮೊದಲ ವಂದನೆ. ವರ್ಷಗಳಿಂದ ಹುಡುಗರನ್ನು ಇಟ್ಟುಕೊಂಡು ಪಳಗಿದವರು. ನನಗೆ ಹೇಳಿಕೊಟ್ಟದ್ದು ಇಷ್ಟು: ಪಂದ್ಯದ ದಿನ ಮಧ್ಯಾಹ್ನ ಒಂದರೊಳಗೆ ಊಟ, ಚಿಕನ್ ಮತ್ತು ಪಾಸ್ತಾ, ಹೊಸ ರುಚಿ ಏನೂ ಬೇಡ. ಆಮೇಲೆ ಅವನು ಮಲಗುತ್ತಾನೆ, ಮನೆಯಲ್ಲಿ ಮಿಕ್ಸಿ ಹಾಕಬೇಡ. ಗ್ಲೌಸ್ ಒಳಗೆ ತಂದರೆ ಗ್ಯಾರೇಜಿಗೆ ವಾಪಸ್ ಕಳಿಸು. ಸೋತು ಬಂದ ರಾತ್ರಿ ಏನೂ ಕೇಳಬೇಡ, ತಿನ್ನೋಕೆ ಇಟ್ಟು ಹೋಗಿ ಮಲಗು. ಈ ಕೊನೆಯ ಮಾತಿಗೆ ನಾನು ಅವರಿಗೆ ಎಷ್ಟು ಋಣಿ ಅಂದರೆ, ಈಗ ನನ್ನ ಮಗಳ ಪರೀಕ್ಷೆ ಕೆಟ್ಟ ದಿನವೂ ಅದನ್ನೇ ಪಾಲಿಸುತ್ತೇನೆ.

ಅತ್ತೆಗೂ ಥ್ಯಾಂಕ್ಸ್ ಹೇಳಬೇಕು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಬಿಡುವಿನ ದಿನ ಕೊಡಗಿನ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಅದರ ಜೊತೆ ಅಕ್ಕಿ ತರಿಯ ಉಂಡೆ ಕಡಂಬುಟ್ಟು ಮಾಡಿ ಅವನ ಮುಂದೆ ಇಟ್ಟರು. ಹುಡುಗ ತಲೆ ಎತ್ತಲಿಲ್ಲ. ಅವತ್ತಿನಿಂದ ಅಡುಗೆಮನೆ ಅವರಿಬ್ಬರದು. ಪಂದ್ಯಕ್ಕೆ ಕರೆದುಕೊಂಡು ಹೋದಾಗ ಮಾತ್ರ ಅತ್ತೆಗೆ ಗಾಬರಿ. ಗ್ಲೌಸ್ ಬಿಸಾಕಿ ಎದುರಾಳಿಯ ಜೊತೆ ಗುದ್ದಾಡುತ್ತಿದ್ದವನನ್ನು ತೋರಿಸಿ, "ದಿನಾ ತಟ್ಟೆ ತೊಳೆದಿಡೋ ನಮ್ಮ ಹುಡುಗ ಇವನೇನಾ?" ಅಂದರು.

ನನ್ನವರಿಗೆ ಬೆನ್ನಿನ ಆಪರೇಷನ್ ಆದ ಚಳಿಗಾಲ ಡ್ರೈವ್‌ವೇ ಹಿಮ ತೆಗೆದದ್ದು, ಚಳಿಗೆ ಎಂಜಿನ್ ಹೆಪ್ಪುಗಟ್ಟದ ಹಾಗೆ ಬೆಚ್ಚಗಿಡುವ ನನ್ನ ಕಾರಿನ ಬ್ಲಾಕ್ ಹೀಟರ್ ಪ್ಲಗ್ ಹಾಕಿಟ್ಟದ್ದು ನಮ್ಮ ಹಾಕಿ ಹುಡುಗನೇ. ಯಾರೂ ಹೇಳಿರಲಿಲ್ಲ. ಅದಕ್ಕೆ ಅವನಿಗೆ ಥ್ಯಾಂಕ್ಸ್ ಅಂದಾಗಲೆಲ್ಲ ಮುಖ ಕೆಂಪು ಮಾಡಿಕೊಂಡು ಹೋಗಿಬಿಡುತ್ತಿದ್ದ. ಇಲ್ಲಿ ಓಡಿಹೋಗೋಕೆ ಆಗಲ್ಲ ಮರಿ, ಥ್ಯಾಂಕ್ಸ್.

ಇನ್ನು ತಂಡದ ಬಸ್ ಓಡಿಸುವವರು. ಸೀಸನ್ನಿಗೆ 68 ಪಂದ್ಯ, ಅರ್ಧ ಹೊರ ಊರುಗಳಲ್ಲಿ. ಪ್ರಿನ್ಸ್ ಜಾರ್ಜ್‌ಗೆ ಹೋಗಬೇಕೆಂದರೆ ಸಾವಿರ ಕಿಲೋಮೀಟರ್ ದಾಟಬೇಕು. ಮೈನಸ್ ಮೂವತ್ತರ ಚಳಿ, ಗಾಳಿಗೆ ರಸ್ತೆಯೇ ಕಾಣದ ರಾತ್ರಿಗಳು. ನಮ್ಮ ಈ ಸಾಸ್ಕಾಚೆವಾನ್ ಪ್ರಾಂತ್ಯದಲ್ಲಿ ಹಾಕಿ ಬಸ್ ಅಂದರೆ ಯಾರೂ ಹಗುರವಾಗಿ ಮಾತಾಡುವುದಿಲ್ಲ. 2018ರ ಏಪ್ರಿಲ್ 6ರಂದು ನಿಪಾವಿನ್ ಊರಿಗೆ ಪಂದ್ಯ ಆಡಲು ಹೊರಟ ಹಂಬೋಲ್ಟ್ ಬ್ರಾಂಕೋಸ್ ತಂಡದ ಬಸ್ಸಿಗೂ ಲಾರಿಗೂ ಅಪಘಾತವಾಗಿ 16 ಜನ ಹೋದರು. ಆ ವಾರ ದೇಶದ ತುಂಬ ಜನ ಮನೆ ಬಾಗಿಲಲ್ಲಿ ಹಾಕಿ ಸ್ಟಿಕ್ ಇಟ್ಟು ರಾತ್ರಿಯಿಡೀ ಹೊರಗಿನ ದೀಪ ಉರಿಸಿದರು. ಹಾಗಾಗಿ ಬೆಳಗಿನ ಜಾವ ಗ್ಯಾರೇಜ್ ಬಾಗಿಲ ಸದ್ದು ಕೇಳಿದ ಮೇಲೇ ನನಗೆ ಸರಿಯಾದ ನಿದ್ದೆ. ಆ ಚಾಲಕರ ಜೊತೆ ನಾನು ನಮಸ್ಕಾರ ಬಿಟ್ಟರೆ ಹೆಚ್ಚು ಮಾತಾಡಿದವಳಲ್ಲ. ನಮ್ಮ ಹುಡುಗರನ್ನು ಪ್ರತಿ ಸಲವೂ ವಾಪಸ್ ತಂದುಬಿಟ್ಟಿರಿ. ನಿಮಗೆ ನಿಜವಾಗಿಯೂ ಕೈ ಮುಗಿಯುತ್ತೇನೆ.

ಆದರೆ ಎಲ್ಲರಿಗಿಂತ ದೊಡ್ಡ ಋಣ ಅವನ ಅಮ್ಮನದು. ಪಕ್ಕದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಕನೋಲಾ ಅನ್ನೋ ಎಣ್ಣೆಕಾಳು ಬೆಳೆಯುವ ಮನೆ, ಇಲ್ಲಿಂದ ಏಳೆಂಟು ಗಂಟೆಯ ದಾರಿ. ಹದಿನೇಳರ ಮಗನನ್ನು ಬಿಡಲು ಬಂದಾಗ ಡಬ್ಬಿ ತುಂಬ ಹೊಲದ ಮನೆಯ ಮಾಂಸ ತಂದಿದ್ದರು. ಎಲ್ಲ ನಮ್ಮ ಫ್ರೀಜರಿನಲ್ಲಿ ಜೋಡಿಸುತ್ತಾ, ಮಗನ ಗುಣಗಳನ್ನು ಒಂದೊಂದಾಗಿ ಹೇಳಿದರು. ಜ್ವರ ಬಂದರೆ ಹೇಳುವುದಿಲ್ಲ, ಸುಮ್ನೆ ಜಾಸ್ತಿ ನಿದ್ದೆ ಮಾಡುತ್ತಾನೆ, ಆಗ ಹಣೆ ಮುಟ್ಟಿ ನೋಡಿ ಅಂದರು. ನಾನು ಮುಟ್ಟಬಹುದು ಅಂತ ನನಗೆ ಅನುಮತಿ ಕೊಟ್ಟ ಹಾಗಿತ್ತು ಅದು.

ಅವನ ಮಣಿಕಟ್ಟು ಮುರಿದ ರಾತ್ರಿ ಆಸ್ಪತ್ರೆಯಿಂದ ಅವರಿಗೆ ಫೋನ್ ಮಾಡಿದೆ. ಹೊರಗೆ ಹಿಮಗಾಳಿ, ಹೆದ್ದಾರಿ ಮುಚ್ಚಿತ್ತು, ಅವರು ಬರುವ ಹಾಗಿಲ್ಲ. ಫೋನ್ ಇಡಬೇಡಿ ಅಂದರು. ಎಕ್ಸ್‌ರೇ ಮುಗಿಯುವವರೆಗೂ ಲೈನಿನಲ್ಲೇ ಇದ್ದರು. ಮಾತೇನೂ ಇರಲಿಲ್ಲ. ಜನವರಿಯಲ್ಲಿ ಆಟಗಾರರನ್ನು ತಂಡ ಬದಲಾಯಿಸುವ ಗಡುವು ಹತ್ತಿರ ಬಂದಾಗ ಮಾತ್ರ ದಿನಾ ಮೆಸೇಜ್ ಮಾಡುತ್ತಿದ್ದರು. ಬೆಳಗ್ಗೆ ಇಲ್ಲಿ ತಿಂಡಿ ತಿಂದ ಹುಡುಗ ರಾತ್ರಿಗೆ ಇನ್ಯಾವುದೋ ಊರಿನ ಮನೆಯಲ್ಲಿರಬಹುದು, ಹಾಗಿದೆ ಇಲ್ಲಿನ ಪದ್ಧತಿ. ನನಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ. ಅಷ್ಟು ಸಣ್ಣ ವಯಸ್ಸಿಗೆ ನನ್ನ ಮಗಳನ್ನು ನಾನು ಕಳಿಸುತ್ತಿರಲಿಲ್ಲ. ಅವರು ಕಳಿಸಿದರು, ಮೇಲೆ ನನ್ನನ್ನು ನಂಬಿದರು. ಇಪ್ಪತ್ತರ ಹುಡುಗರನ್ನು ಬೀಳ್ಕೊಡುವ ದಿನ ಹೆತ್ತವರ ಜೊತೆ ನಮ್ಮನ್ನೂ ಐಸ್ ಮೇಲೆ ಕರೆದಾಗ, ಫೋಟೋಗೆ ನನ್ನ ತೋಳು ಹಿಡಿದೆಳೆದು ಅವನ ಪಕ್ಕ ನಿಲ್ಲಿಸಿ ತಾವು ಆಚೆ ತುದಿಗೆ ಹೋದರು.

ಅವನು ವೃತ್ತಿಪರರ ದೊಡ್ಡ ಲೀಗಿಗೆ ಹೋಗುತ್ತಿಲ್ಲ. ಹೆಚ್ಚಿನ ಹುಡುಗರು ಹೋಗುವುದಿಲ್ಲ. ಲೀಗಿನಲ್ಲಿ ಆಡಿದ ಒಂದೊಂದು ಸೀಸನ್ನಿಗೆ ಒಂದೊಂದು ವರ್ಷದ ಕಾಲೇಜು ಫೀಸು, ಪುಸ್ತಕದ ಖರ್ಚು ಸಿಗುತ್ತೆ. ಆ ದುಡ್ಡಿನಲ್ಲಿ ಕೃಷಿ ಓದುತ್ತಾನೆ, ಯೂನಿವರ್ಸಿಟಿ ತಂಡಕ್ಕೆ ಆಡುತ್ತಾನೆ. ಆಗಸ್ಟ್ ಕೊನೆಗೆ ನಮ್ಮ ಬೇಸ್‌ಮೆಂಟಿಗೆ ಇನ್ನೊಬ್ಬ ಬರುತ್ತಾನೆ, ಅವನು ಏನು ತಿನ್ನುತ್ತಾನೋ ಇನ್ನೂ ಗೊತ್ತಿಲ್ಲ.

ಕೊನೆಗೆ ಒಂದು ಸಹಾಯ ಬೇಕು. ಹುಡುಗನ ಅಮ್ಮ ಪಂದಿ ಕರಿ ಕಲಿಯಬೇಕು ಅಂತ ಕೇಳಿದ್ದಾರೆ. ಅತ್ತೆ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಹಂದಿ ಮಾಂಸ ಅವರ ಊರಲ್ಲೇ ಸಿಗುತ್ತೆ, ಕಾಳುಮೆಣಸೂ ಸಿಗುತ್ತೆ, ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಎಲ್ಲಿಂದ ತರೋದು? ನಮ್ಮ ಬಾಟಲಿ ತಳ ಕಂಡಿದೆ. ಈ ಬೇಸಿಗೆಯಲ್ಲಿ ವಿರಾಜಪೇಟೆ ಕಡೆಯಿಂದ ಯಾರಾದರೂ ಸಾಸ್ಕಟೂನ್‌ಗೆ ಬರುವವರಿದ್ದರೆ ಎರಡು ಬಾಟಲಿ ತಂದುಕೊಡಿ. ಚೆನ್ನಾಗಿ ಸುತ್ತಿ ತನ್ನಿ, ಸೋರಿದರೆ ಬಟ್ಟೆಯ ಕಲೆ ಹೋಗಲ್ಲ.