ಕತ್ತಿ ಬಿಟ್ಟು ಕಾಡಿಗೆ

ನಗೋಯಾ, ಜಪಾನ್
ಅಕ್ಟೋಬರ್ 19

ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ನೀವೂ ಕ್ಷೇಮ ಅಂತ ಬರೆಯೋಣ ಅಂದರೆ ನಿನ್ನ ಪತ್ರದ ಕೊನೆಯ ನಾಲ್ಕು ಸಾಲು ಬಿಡುತ್ತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನ ಸುದ್ದಿ. ರಘು ಏನೇನೋ ಹೇಳಿ ನಿನ್ನನ್ನು ಹೆದರಿಸಿದ್ದಾನೆ. ನಾನು ಚಳಿಯಲ್ಲಿ ಹೊಳೆಗಿಳಿದು ಸ್ನಾನ ಮಾಡಲಿಲ್ಲ. ನಾನು ಹೋಗಿದ್ದು ಶಿನ್ರಿನ್-ಯೊಕುಗೆ. ಶಿನ್ರಿನ್ ಅಂದರೆ ಕಾಡು, ಯೊಕು ಅಂದರೆ ಸ್ನಾನ. ಆದರೆ ತಲೆಗೆ ಒಂದು ಚೊಂಬು ನೀರೂ ಬೀಳುವುದಿಲ್ಲ. ಸುಮ್ನೆ ಕಾಡಲ್ಲಿ ನಿಧಾನವಾಗಿ ನಡೆಯುವುದು, ಅಷ್ಟೇ. 1982ರಲ್ಲಿ ಇಲ್ಲಿನ ಅರಣ್ಯ ಇಲಾಖೆಯವರೇ ಇಟ್ಟ ಹೆಸರು. ನಿದ್ದೆ ಸರಿ ಬರುತ್ತಿರಲಿಲ್ಲ ಅಂತ ಆಫೀಸಿನ ಒಬ್ಬರು ಒತ್ತಾಯ ಮಾಡಿ ಕಳಿಸಿದರು. ಈಗ ಚೆನ್ನಾಗಿ ಬರುತ್ತಿದೆ. ನಿಜವಾಗಲೂ ಬರುತ್ತಿದೆ, ಆಣೆ ಇಡಿಸಬೇಡ.

ಹೋಗಿದ್ದು ಅಕಸಾವಾ ಅನ್ನುವ ಕಾಡಿಗೆ. ಇಲ್ಲಿಂದ ರೈಲಿನಲ್ಲಿ ಅಗೆಮಾತ್ಸು, ಅಲ್ಲಿಂದ ಬಸ್ಸು. ಈ ಹೆಸರಿಟ್ಟ ವರ್ಷವೇ ಮೊದಲ ನಡಿಗೆ ಮಾಡಿಸಿದ್ದೂ ಅಲ್ಲೇ ಅಂತೆ. ಹಿನೋಕಿ ಮರಗಳು, ಮುನ್ನೂರು ವರ್ಷದವು. ಹಿಂದಿನ ಕಾಲದಲ್ಲಿ ಒಂದು ಮರ ಕಡಿದರೆ ಒಂದು ತಲೆ ಹೋಗುತ್ತಿತ್ತಂತೆ. ಇಸೆ ಅನ್ನುವ ದೊಡ್ಡ ದೇವಸ್ಥಾನವನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ, ಅದಕ್ಕೆ ಮರ ಹೋಗುವುದು ಈ ಕಡೆಯಿಂದಲೇ. ಮೊದಲು ಮರ ಸಾಗಿಸುತ್ತಿದ್ದ ಪುಟ್ಟ ರೈಲಿನಲ್ಲಿ ಈಗ ಜನರನ್ನು ಕೂರಿಸಿ ಒಂದು ಕಿಲೋಮೀಟರ್ ದೂರ ಹೋಗಿ ವಾಪಸ್ ಕರೆತರುತ್ತಾರೆ.

ದುಡ್ಡು ಕೊಟ್ಟು ಕಾಡು ಸುತ್ತಿದಳು ಅಂತ ಅಪ್ಪಯ್ಯ ನಗುತ್ತಾರೆ, ಗೊತ್ತು. ನಗಲಿ. ನಮ್ಮ ಗೈಡ್ ಎಪ್ಪತ್ತು ದಾಟಿದ ಹೆಂಗಸು, ಸೊಂಟಕ್ಕೆ ಕರಡಿ ಓಡಿಸುವ ಗಂಟೆ ಕಟ್ಟಿಕೊಂಡಿದ್ದರು. ಹೊರಡುವ ಮೊದಲು ಎಲ್ಲರ ಬಿಪಿ ನೋಡಿದರು. ಫೋನ್ ಚೀಲದೊಳಗೆ ಇಡಿಸಿದರು. ಎಲೆ ಹಿಸುಕಿ ಮೂಸಿ ಅಂದರು, ಮೂಸಿದೆವು. ಮರಕ್ಕೆ ಕೈ ಇಟ್ಟು ನಿಲ್ಲಿ ಅಂದರು, ನಿಂತೆವು. ಚಾಪೆ ಹಾಸಿ ಮಲಗಿಸಿ ಇಪ್ಪತ್ತು ನಿಮಿಷ ಮೇಲೆ ನೋಡಿ ಅಂದಾಗ ಮಾತ್ರ ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ನೋಡಿದರೆ ನಾನೇ ಗೊರಕೆ ಹೊಡೆದಿದ್ದೆನಂತೆ. ಇಂಬಳ ಇಲ್ಲದ ಕಾಡಲ್ಲಿ ಮಲಗುವುದು ಎಷ್ಟು ಸುಖ ಅಂತೀಯ! ಮರಗಳು ಬಿಡುವ ಒಂದು ವಾಸನೆಯಿಂದ ಮೈಗೆ ಒಳ್ಳೆಯದು ಅಂತ ಟೋಕಿಯೋದ ಡಾಕ್ಟರೊಬ್ಬರು ಪರೀಕ್ಷೆ ಮಾಡಿ ಬರೆದಿದ್ದಾರಂತೆ. ವಾಪಸ್ ಬಂದು ನೋಡಿದಾಗ ನನ್ನ ಬಿಪಿ 136ರಿಂದ 122ಕ್ಕೆ ಇಳಿದಿತ್ತು.

ಈ ಸಾಲನ್ನು ಅಪ್ಪಯ್ಯನಿಗೆ ಓದಿ ಹೇಳಬೇಡ. ಅಥವಾ ಓದಿದರೆ ಮುಂದಿನದನ್ನೂ ಓದು.

ಅಪ್ಪಯ್ಯ ಬಿಪಿ ಮಾತ್ರೆ ಯಾಕೆ ಬಿಟ್ಟರು ಅಮ್ಮ? ಆಸ್ಪತ್ರೆಯಲ್ಲಿ 170 ತೋರಿಸಿದ ಮೇಲೂ? 'ದಿನಾ ಎರಡು ಹೊತ್ತು ತೋಟ ಸುತ್ತುತ್ತೇನೆ, ನನಗೆ ಎಂಥ ಮಾತ್ರೆ' ಅಂದರು ಅಂತ ಬರೆದಿದ್ದೀಯ. ನಾನು ಅದನ್ನೇ ಆ ಗೈಡ್ ಹತ್ತಿರ ಕೇಳಿದೆ. ಅವರು ತಮ್ಮ ಚೀಲ ತೆಗೆದು ಮಾತ್ರೆ ಡಬ್ಬಿ ತೋರಿಸಿದರು! ವಾರಕ್ಕೆ ನಾಲ್ಕು ದಿನ ಈ ಕಾಡಲ್ಲೇ ಇರುವ ಹೆಂಗಸು. ಕಾಡಲ್ಲಿ ಇಳಿದ ಬಿಪಿ ಮನೆಗೆ ಹೋದ ಮೇಲೂ ಹಾಗೇ ಇರುತ್ತದೆ ಅಂತ ಇಲ್ಲ, ಮಾತ್ರೆ ಮಾತ್ರೆಯೇ ಅಂದರು.

ಇನ್ನೊಂದು, ಅಪ್ಪಯ್ಯ ತೋಟ ಸುತ್ತುವುದು ಸುತ್ತುವುದೇ ಅಲ್ಲ. ಎಲೆಚುಕ್ಕೆ ರೋಗ ಯಾವ ಮರಕ್ಕೆ ಹತ್ತಿದೆ ಅಂತ ಲೆಕ್ಕ ಹಾಕುತ್ತಾ ಹೋಗುತ್ತಾರೆ, ಸೊಸೈಟಿ ಸಾಲ ಲೆಕ್ಕ ಹಾಕುತ್ತಾ ವಾಪಸ್ ಬರುತ್ತಾರೆ. ಅದರಿಂದ ಬಿಪಿ ಏರದೆ ಇಳಿಯುತ್ತದಾ?

ನೀನೇ ಒಂದು ಮಾಡು. ಮಾತ್ರೆ ಬೆಳಿಗ್ಗೆ ಕಾಫಿ ಲೋಟದ ಜೊತೆಗೇ ಇಡು, ನುಂಗುವವರೆಗೆ ಕಾಫಿ ಕೊಡಬೇಡ. ಸಂಜೆ ಸೊಪ್ಪಿನಬೆಟ್ಟಕ್ಕೆ ಅವರ ಜೊತೆ ನೀನೂ ಹೋಗು. ಕತ್ತಿ ಮನೆಯಲ್ಲೇ ಇರಲಿ. ಕತ್ತಿ ಕೈಯಲ್ಲಿದ್ದರೆ ಒಂದು ಬಳ್ಳಿ ಕಂಡರೂ ಕೆಲಸ ಶುರು ಮಾಡುತ್ತಾರೆ. ಹಲಸಿನ ಮರದ ಬುಡದಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತು ಬನ್ನಿ. ಇದೆಲ್ಲ ಡಿಸೆಂಬರ್ ಒಳಗೆ. ಆಮೇಲೆ ಉಣುಗಿನ ಕಾಲ, ಮಂಗನ ಕಾಯಿಲೆ ತಂದುಕೊಳ್ಳಬೇಡಿ. ಹೋಗಲೇಬೇಕಾದರೆ ಆಶಾ ಕಾರ್ಯಕರ್ತೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ.

ಸಾಲದ ಕಂತು ನಾನು ಕಟ್ಟುತ್ತೇನೆ, ರಘು ಖಾತೆಗೆ ಹಾಕಿದ್ದೇನೆ. ಅಪ್ಪಯ್ಯನಿಗೆ ಹೇಳಬೇಡ. ನನಗೆ ಏನೂ ಕಷ್ಟ ಆಗುವುದಿಲ್ಲ. ಊಟ ಸರಿ ಮಾಡುತ್ತೇನೆ, ಸ್ವೆಟರ್ ಹಾಕುತ್ತೇನೆ, ಕೆಲಸ ಜಾಸ್ತಿ ಇಲ್ಲ, ನಿದ್ದೆ ಬರುತ್ತಿದೆ ಅಂತ ಆಗಲೇ ಬರೆದೆ ಅಲ್ವಾ. ಸಾಗರದವರ ವಿಷಯ ಮುಂದಿನ ಪತ್ರದಲ್ಲಿ.

ಇವತ್ತು ಕಸದ ದಿನ. ಎಂಟು ಗಂಟೆಯೊಳಗೆ ಇಡದಿದ್ದರೆ ಕೆಳಗಿನ ಮನೆಯಜ್ಜಿ ಚೀಟಿ ಅಂಟಿಸುತ್ತಾರೆ. ಓಡುತ್ತೇನೆ. ಮಾತ್ರೆ ನುಂಗಿದ ದಿನ ರಘು ಕೈಲಿ ಒಂದು ಮೆಸೇಜ್ ಹಾಕಿಸು, ದಿನಾ ಹಾಕಿಸು.

ನಿನ್ನ
ವೀಣಾ