ಭಾನುವಾರ ಮಕ್ಕಳ ರಸಪ್ರಶ್ನೆ: ರಾಜ್ಯಗಳ ಹೆಸರು

ಎಲ್ಲರಿಗೂ ನಮಸ್ಕಾರ. ರಾಜ್ಯೋತ್ಸವದ ರಸಪ್ರಶ್ನೆ ಈ ಭಾನುವಾರ ಬೆಳಿಗ್ಗೆ 10ಕ್ಕೆ, ನಮ್ಮ ತಾರಸಿಯಲ್ಲಿ. 5ರಿಂದ 10ನೇ ತರಗತಿಯ ಮಕ್ಕಳಿಗೆ ಮಾತ್ರ. ಈ ಸಲದ ವಿಷಯ, ರಾಜ್ಯಗಳಿಗೆ ಹೆಸರು ಹೇಗೆ ಬಂತು ಅನ್ನೋದು.

ಮನೆಯಲ್ಲಿ ಸ್ವಲ್ಪ ಹೇಳಿಕೊಡಿ. ನಮ್ಮ ರಾಜ್ಯ 1956ರಲ್ಲಿ ಒಂದಾದರೂ ಹೆಸರು ಮೈಸೂರು ಅಂತಲೇ ಇತ್ತು. ಕರ್ನಾಟಕ ಆಗಿದ್ದು 1973ರ ನವೆಂಬರ್ 1ರಂದು. ಕರುನಾಡು ಅಂದರೆ ಎತ್ತರದ ನಾಡು ಅನ್ನುತ್ತಾರೆ, ಕಪ್ಪು ಮಣ್ಣಿನ ನಾಡು ಅನ್ನುವವರೂ ಇದ್ದಾರೆ. ಎರಡಕ್ಕೂ ಅಂಕ ಕೊಡುತ್ತೇವೆ, ಹೋದ ವರ್ಷದ ಹಾಗೆ ಅಪ್ಪಂದಿರ ಜಗಳ ಬೇಡ! ಪಂಜಾಬ್ ಪರ್ಷಿಯನ್ ಮಾತು: ಪಂಜ್ ಐದು, ಆಬ್ ನೀರು. ಮೇಘಾಲಯ ಸುಲಭ ಅಲ್ವಾ?

ಮಗುವಿನ ಹೆಸರು, ತರಗತಿ ಎರಡನ್ನೂ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕ ಸಿಗುವುದಿಲ್ಲ. ಕುರ್ಚಿ ಜೋಡಿಸಲು ಇಬ್ಬರು ಬೇಕು.