ಗಿಟಾರಿನ ಮುಖಕ್ಕೆ ಸ್ಕ್ರೂ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಗಿಟಾರ್ ಕಲಿಯುವವರಿಗಾಗಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಅಕೌಸ್ಟಿಕ್ ಗಿಟಾರಿಗೂ ‘ಟ್ರೆಮೊಲೊ’ ಹಿಡಿಕೆ, ಅಂದರೆ ಒತ್ತಿದರೆ ತಂತಿ ಸಡಿಲಿಸಿ ಸ್ವರ ಅಲುಗಿಸುವ ಲೋಹದ ಕೈ, ಹಾಕಿಸಿಕೊಳ್ಳಬಹುದು ಎಂಬ ಒಂದು ಸಾಲು ಅದರಲ್ಲಿತ್ತು. ಆ ಸಾಲು ಓದಿ ಸುಮ್ಮನಿರಲಾಗಲಿಲ್ಲ. ನಾನು ಮಿರಜಿನಲ್ಲಿ ತಂಬೂರಿ ಕೆಲಸ ಕಲಿತು, ಮೂವತ್ತು ವರ್ಷದಿಂದ ಧಾರವಾಡದಲ್ಲಿ ತಂತಿವಾದ್ಯಗಳ ರಿಪೇರಿ ಮಾಡಿಕೊಂಡಿರುವವನು.

ಕಳೆದ ಮಳೆಗಾಲದಲ್ಲಿ ಕಾಲೇಜು ಹುಡುಗನೊಬ್ಬ ಗಿಟಾರ್ ತಂದ. ಊರಿನ ಒಂದು ಅಂಗಡಿಯಲ್ಲಿ ಅದಕ್ಕೆ ಸ್ಪ್ರಿಂಗ್ ಇರುವ ಲೋಹದ ಹಿಡಿಕೆ ಕೂರಿಸಿಕೊಟ್ಟಿದ್ದರು. ನಾಲ್ಕು ಸ್ಕ್ರೂ, ನಾಲ್ಕೂ ನೇರ ಮುಖದ ಹಲಗೆಗೆ. ಒಳಗೆ ಕೈಹಾಕಿ ತಡವಿದರೆ ಸ್ಕ್ರೂಗಳ ಮೊನೆ ಬೆರಳಿಗೆ ಚುಚ್ಚಿತು, ಅಡಿಯಲ್ಲಿ ಆಸರೆಗೆ ಒಂದು ತುಂಡು ಮರವೂ ಇರಲಿಲ್ಲ. ಸ್ಟೀಲ್ ಪಟ್ಟಿಯನ್ನು ಅಡ್ಡ ಇಟ್ಟು ನೋಡಿದೆ: ಕುದುರೆಯ (ಮುಖದ ಮೇಲೆ ತಂತಿಗಳನ್ನು ಹೊರುವ ಮರದ ತುಂಡು, ಬ್ರಿಡ್ಜ್) ಕೆಳಗೆ ಹಲಗೆ ಕುಸಿದಿತ್ತು, ಸ್ಕ್ರೂಗಳ ಸುತ್ತ ಕೂದಲೆಳೆಯಂಥ ಸೀಳು. ಹುಡುಗ ಒಂದು ವರ್ಷ ಪಾಕೆಟ್ ಮನಿ ಕೂಡಿಸಿ ಕೊಂಡ ಗಿಟಾರದು.

ಅಕೌಸ್ಟಿಕ್ ಗಿಟಾರಿನ ಮುಖ ಸುಮಾರು ಮೂರು ಮಿಲಿಮೀಟರ್ ದಪ್ಪದ ಹಲಗೆ. ಅದರ ಮೇಲೆ ಆರು ಉಕ್ಕಿನ ತಂತಿಗಳ ಎಳೆತ ಹತ್ತಿರಹತ್ತಿರ 70 ಕಿಲೋ. ತಂತಿಯ ತುದಿಯ ಗುಂಡು ಕುದುರೆಯ ತೂತಿನಲ್ಲಿಳಿದು ಒಳಗಿನ ಗಟ್ಟಿಮರದ ತೆಳು ಹಲಗೆಗೆ ಕಚ್ಚಿಕೊಳ್ಳುತ್ತದೆ. ಹೀಗಾಗಿ ಕುದುರೆ ಹಿಂದಿನಿಂದ ಮೇಲೇಳಲು ನೋಡುತ್ತದೆ, ಮುಂದೆ ಕೆಳಕ್ಕೆ ಒತ್ತುತ್ತದೆ. ಒಳಗಿನ ಪಟ್ಟಿಗಳನ್ನು ಜೋಡಿಸಿರುವುದು ಈ ತಿರುಚನ್ನು ತಡೆಯಲಿಕ್ಕೆ. ಅದೇ ತಂತಿಯನ್ನು ಹಿಂದಿನ ಹಿಡಿಕೆಗೆ ಕಟ್ಟಿದರೆ ಒತ್ತಡವೆಲ್ಲ ನೇರ ಕೆಳಕ್ಕೆ. ಆ ಹಲಗೆ ಅದಕ್ಕೆ ತಯಾರಾದದ್ದೇ ಅಲ್ಲ. ಮೇಲಾಗಿ, ಹಿಡಿಕೆ ಒತ್ತಿದಾಗ ತಂತಿ ಕುದುರೆಯ ಮೇಲಿನ ಮೂಳೆಯ ಪಟ್ಟಿಯ ಮೇಲೆ ಜಾರಬೇಕು. ಜಾರದೆ ಕಚ್ಚಿಕೊಂಡರೆ ಶ್ರುತಿ ಹೋಯಿತು.

ಹಾಗಂತ ಬೇರೆ ಬಗೆಯ ಕುದುರೆಗಳೇ ತಪ್ಪು ಎನ್ನುವವನಲ್ಲ ನಾನು. 1932ರಲ್ಲಿ ಪ್ಯಾರಿಸ್ಸಿನ ಸೆಲ್ಮರ್ ಕಂಪನಿಗೆ ಮಾರಿಯೊ ಮಕ್ಕಾಫೆರಿ ರೂಪಿಸಿದ ಗಿಟಾರಿನಲ್ಲಿ ಕುದುರೆಗೆ ಅಂಟೇ ಇಲ್ಲ. ಅದು ತಂತಿಯ ಒತ್ತಡಕ್ಕೇ ನಿಲ್ಲುತ್ತದೆ, ಎಳೆತವನ್ನೆಲ್ಲ ಬುಡದಲ್ಲಿರುವ ಲೋಹದ ಪಟ್ಟಿ ಹೊರುತ್ತದೆ. ಹೆಸರಾಂತ ಜಾಝ್ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ನುಡಿಸಿದ್ದು ಇಂಥದ್ದನ್ನೇ. ಕಮಾನಿನಂತೆ ಉಬ್ಬಿದ ಮುಖದ ಗಿಟಾರುಗಳದೂ ಇದೇ ಲೆಕ್ಕ. ಅಮೆರಿಕದ ಗಿಟಾರ್ ವಾದಕ ಮರ್ಲ್ ಟ್ರಾವಿಸ್ ಬಳಿ ಇದ್ದ ಗಿಬ್ಸನ್ ಕಂಪನಿಯ ಎಲ್-10 ಗಿಟಾರ್ ಕೂಡ ಕಮಾನು ಮುಖದ್ದೇ. ಅದರ ಹಳೆಯ ಹಿಡಿಕೆ ಪ್ರತಿ ಸಲ ಶ್ರುತಿ ಕೆಡಿಸುತ್ತದೆಂದು ಅವರು ಸರಿಮಾಡಿಕೊಡಲು ಪಾಲ್ ಬಿಗ್ಸ್‌ಬಿಯವರನ್ನು ಕೇಳಿದರು. ಮೋಟಾರ್ ಸೈಕಲ್ ಕೆಲಸದಲ್ಲಿ ಪಳಗಿದ್ದ ಬಿಗ್ಸ್‌ಬಿ ಎರಕದ ಅಲ್ಯೂಮಿನಿಯಂನಲ್ಲಿ ಮಾಡಿಕೊಟ್ಟ ಹಿಡಿಕೆಯೇ ಇಂದಿಗೂ ಬಿಗ್ಸ್‌ಬಿ ಹೆಸರಿನಲ್ಲಿ ನಡೆದಿದೆ. ಭಾರ ತಾಳುವ ವಾದ್ಯಕ್ಕೆ ಅದು ಒಪ್ಪಿತು. ಹುಡುಗನ ಚಪ್ಪಟೆ ಗಿಟಾರಿಗೆ ಒಪ್ಪಲಿಲ್ಲ.

ಇನ್ನೊಂದು ಮಾತು. ಆ ಹಿಡಿಕೆಯನ್ನು ಟ್ರೆಮೊಲೊ ಎನ್ನುವುದೇ ತಪ್ಪು. 1954ರಲ್ಲಿ ಅಮೆರಿಕದ ಗಿಟಾರ್ ತಯಾರಕ ಲಿಯೊ ಫೆಂಡರ್ ತಮ್ಮ ಸ್ಟ್ರಾಟೊಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರಿನ ಹಿಡಿಕೆಗೆ ಆ ಹೆಸರಿಟ್ಟರು, ಹೆಸರು ಅಂಟಿಕೊಂಡಿತು. ಟ್ರೆಮೊಲೊ ಎಂದರೆ ನಾದ ಜೋರಾಗಿ ಮೆತ್ತಗಾಗಿ ತುಯ್ಯುವುದು. ಹಿಡಿಕೆ ಅಲುಗಿಸುವುದು ಸ್ವರಸ್ಥಾನವನ್ನು, ಅದು ವೈಬ್ರಾಟೊ, ನಮ್ಮ ಕಂಪಿತ ಗಮಕಕ್ಕೆ ಹತ್ತಿರದ್ದು. ಕಲಿಯುವ ಮಕ್ಕಳು ಓದುವ ಪುರವಣಿಯಲ್ಲಿ ಇದಾದರೂ ಸರಿಯಾಗಿರಲಿ.

ಕುದುರೆಯ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದಕ್ಕೆ ತಂಬೂರಿಯೇ ಕಾರಣ. ತಂಬೂರಿಯ ತಂತಿಗೂ ಕುದುರೆಗೂ ನಡುವೆ ಒಂದು ನೂಲಿನೆಳೆ ಇಡುತ್ತೇವೆ, ಜೀವಾಳ ಅಂತ. ಅದನ್ನು ಉಗುರಿನಿಂದ ಎಳ್ಳುಕಾಳಿನಷ್ಟು ಸರಿಸಿದರೆ ಮಂಕಾಗಿದ್ದ ನಾದ ಥಟ್ಟನೆ ಅರಳಿ ಕೋಣೆ ತುಂಬುತ್ತದೆ. ತಂತಿ ಕುದುರೆಯನ್ನು ಮುಟ್ಟುವ ಜಾಗದಲ್ಲಿ ಒಂದು ನೂಲೆಳೆಗೇ ಇಷ್ಟು ಬೆಲೆ ಇದ್ದರೆ, ಅಲ್ಲಿ ಲೋಹ ತುಂಬಿದಾಗ ಏನಾದೀತು? ಗಿಬ್ಸನ್ನಿನವರೇ 1956ರ ಸುಮಾರಿಗೆ ಜೆ-45 ಗಿಟಾರಿಗೆ ಎರಡು ಸ್ಕ್ರೂ ಮೇಲೆ ಏರಿಳಿಸುವ ಕುದುರೆ ತಂದರು. ಎತ್ತರ ಸರಿಮಾಡುವುದು ಸಲೀಸಾಯಿತು. ಆದರೂ ನಾದಕ್ಕಾಗಿ ಅದನ್ನು ತೆಗೆಸಿ ಮೂಳೆಯ ಪಟ್ಟಿ ಹಾಕಿಸಿಕೊಂಡವರು ಬಹಳ ಮಂದಿ.

ಹುಡುಗನ ಗಿಟಾರಿನ ತೂತುಗಳಿಗೆ ಸ್ಪ್ರೂಸ್ ಮರದ ತುಂಡು ಜಡಿದು ಮುಚ್ಚಿದೆ. ಸೀಳಿಗೆ ಒಳಗಿನಿಂದ ತೆಳು ಪಟ್ಟಿ ಕೊಟ್ಟು, ಬೀಟೆ ಮರದಲ್ಲಿ ಹೊಸ ಕುದುರೆ ಕೆತ್ತಿ ಅಂಟಿಸಿ, ಎರಡು ದಿನ ಕ್ಲಾಂಪಿನಲ್ಲಿಟ್ಟೆ. ತಂತಿ ಏರಿಸಿದಾಗ ಹುಡುಗ ನುಡಿಸಲೇ ಇಲ್ಲ, ಒಂದೇ ತಂತಿ ಮೀಟಿ ಅದು ಅಡಗುವವರೆಗೂ ಕಿವಿಗೊಟ್ಟು ಕೂತ. ಗುರುತು ಮಾತ್ರ ಹೋಗಿಲ್ಲ, ನಾಲ್ಕು ಕಪ್ಪು ಚುಕ್ಕೆ ಉಳಿದಿವೆ.

ನಿಮ್ಮ ಓದುಗರಲ್ಲಿ ಗಿಟಾರ್ ಇರುವವರು ದಯವಿಟ್ಟು ಇವತ್ತೇ ಒಂದು ಕೆಲಸ ಮಾಡಲಿ. ಬಸ್ ಟಿಕೆಟ್ಟಿನಂಥ ತೆಳು ಕಾಗದವನ್ನು ಕುದುರೆಯ ಹಿಂಬದಿಯ ಅಂಚಿಗೆ ಮೆಲ್ಲಗೆ ತೂರಿಸಿ ನೋಡಲಿ. ಕಾಗದ ಒಳಗೆ ಹೋದರೆ ಅಂಟು ಬಿಡುತ್ತಿದೆ ಎಂದರ್ಥ. ಆಗ ಬಿರಡೆ ತಿರುಗಿಸಿ ತಂತಿ ಸಡಿಲಿಸಿಟ್ಟು, ಆಮೇಲೆ ಬಲ್ಲವರ ಹತ್ತಿರ ಒಯ್ಯಲಿ.

ಇತಿ,
ತಂತಿವಾದ್ಯ ರಿಪೇರಿಗಾರ
ಧಾರವಾಡ